ನಕ್ಷೆ ಊರಿನದು, ಪಟ್ಟಿ ನಮ್ಮದು: ಬೆರೆಸಿದರೆ ಯಾರದು?

ಪ್ರಶ್ನೆ: ಬೆಂಗಳೂರಿನ 1,200 ಮೆಡಿಕಲ್ ಶಾಪ್‌ಗಳ ಪಟ್ಟಿಯನ್ನು ನಮ್ಮ ಹುಡುಗರು ಬೀದಿ ಸುತ್ತಿ ಮಾಡಿದ್ದಾರೆ. ಜನರೇ ಸೇರಿ ಕಟ್ಟಿದ ಉಚಿತ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ಆ್ಯಪ್‌ನಲ್ಲಿ ತೋರಿಸಿದರೆ ಆ ಪಟ್ಟಿಯನ್ನೂ ಎಲ್ಲರಿಗೆ ಬಿಟ್ಟುಕೊಡಬೇಕೇ?
– ಓದುಗರು, ಜಯನಗರ

ಉತ್ತರ: ಅದು ಬೆರೆಸುವ ಬಗೆಯನ್ನು ಅವಲಂಬಿಸಿದೆ. ಈ ನಕ್ಷೆಯ ಡೇಟಾ 2012ರ ಸೆಪ್ಟೆಂಬರ್‌ನಿಂದ ಓಡಿಬಿಎಲ್ (ಓಪನ್ ಡೇಟಾಬೇಸ್ ಲೈಸೆನ್ಸ್) ಎಂಬ ಲೈಸೆನ್ಸ್‌ನಲ್ಲಿದೆ: ಯಾರು ಬೇಕಾದರೂ ಬಳಸಬಹುದು, ಆದರೆ ಅದರಿಂದ ಹೊಸ ಡೇಟಾಬೇಸ್ ಮಾಡಿ ಹೊರಗೆ ಕೊಟ್ಟರೆ ಅದನ್ನೂ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. ನಕ್ಷೆ ಕೆಳಗಿನ ಪದರ, ನಿಮ್ಮ ಅಂಗಡಿಗಳು ಮೇಲಿನ ಪದರ. ಒಂದನ್ನು ನೋಡಿಕೊಂಡು ಇನ್ನೊಂದನ್ನು ತಿದ್ದಿಲ್ಲವಾದರೆ ಪಟ್ಟಿ ನಿಮ್ಮದೇ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಕ್ಷೆಯಲ್ಲೂ ಮೆಡಿಕಲ್ ಶಾಪ್‌ಗಳಿವೆ. ಒಂದೇ ಅಂಗಡಿ ಎರಡೆರಡು ಸಲ ಕಾಣುತ್ತದೆಂದು ಪ್ರೋಗ್ರಾಮರ್ ಎರಡನ್ನೂ ಹೋಲಿಸಿ, ನಕಲು ತೆಗೆದು, ನಿಮ್ಮಲ್ಲಿಲ್ಲದ್ದನ್ನು ಅಲ್ಲಿಂದ ತುಂಬಿ ಒಂದೇ ಟೇಬಲ್ ಮಾಡಿಬಿಡುತ್ತಾರೆ. ಅಲ್ಲಿಗೆ ಅದು ಡಿರೈವೇಟಿವ್ ಡೇಟಾಬೇಸ್, ಅಂದರೆ ನಕ್ಷೆಯ ಡೇಟಾದಿಂದ ಹುಟ್ಟಿದ ಡೇಟಾಬೇಸ್ ಆಯಿತು. ಆ್ಯಪ್ ಹೊರಬಂದ ಮೇಲೆ ಬಳಕೆದಾರರು ಕೇಳಿದರೆ ಇಡೀ ಟೇಬಲ್ಲನ್ನೋ, ಮಾಡಿದ ಬದಲಾವಣೆಗಳ ಫೈಲನ್ನೋ ಅದೇ ಲೈಸೆನ್ಸ್‌ನಲ್ಲಿ ಕೊಡಲೇಬೇಕು.

ತಪ್ಪಿಸುವ ದಾರಿ ಸುಲಭ: ಇಡೀ ಬೆಂಗಳೂರಿಗೆ ಮೆಡಿಕಲ್ ಶಾಪ್ ಒಂದೇ ಮೂಲದಿಂದ ಬರಲಿ. ಟೈಲ್ (ಆ್ಯಪ್‌ನಲ್ಲಿ ಜೋಡಿಸಿ ತೋರಿಸುವ ನಕ್ಷೆಯ ಚೌಕ ತುಂಡು) ತಯಾರಿಸುವಾಗ, ಆ ನಕ್ಷೆಯಲ್ಲಿ ಮೆಡಿಕಲ್ ಶಾಪ್‌ಗೆ ಹಾಕುವ ‘ಅಮೆನಿಟಿ=ಫಾರ್ಮಸಿ’ ಟ್ಯಾಗ್ ಇರುವುದನ್ನೆಲ್ಲ ಸಾರಾಸಗಟಾಗಿ ಕೈಬಿಡಿ. ‘ನಮ್ಮ ಪಟ್ಟಿಯಲ್ಲಿರುವುದನ್ನು ಮಾತ್ರ ಕೈಬಿಡು’ ಎಂದು ಕೋಡ್ ಬರೆದಿರೋ, ಮತ್ತೆ ಹೋಲಿಕೆಗೇ ಬಂದಿರಿ.

ಬೆರೆಸಿದ್ದು ಕಚೇರಿಯೊಳಗೇ ಉಳಿದರೆ ಈ ಹಂಚಿಕೆಯ ಷರತ್ತು ಅಂಟುವುದಿಲ್ಲ. ನಿಮ್ಮ ಸೂಚನೆಯಂತೆ ಕೆಲಸ ಮಾಡುವ ಗುತ್ತಿಗೆ ಕನ್ಸಲ್ಟೆಂಟ್‌ಗೆ ಕೊಟ್ಟರೂ ಹೊರಗೆ ಕೊಟ್ಟಂತಲ್ಲ. ಗಿರಾಕಿಗೆ ಕೊಟ್ಟರೆ ಹೌದು. ಯಾವ ದಾರಿ ಹಿಡಿದರೂ ಆ್ಯಪ್‌ನ ನಕ್ಷೆಯ ಮೂಲೆಯಲ್ಲಿ ‘© ಓಪನ್‌ಸ್ಟ್ರೀಟ್‌ಮ್ಯಾಪ್ ಕಾಂಟ್ರಿಬ್ಯೂಟರ್ಸ್’ ಎಂದಿರಬೇಕು, ಒತ್ತಿದರೆ ಅವರ ಕಾಪಿರೈಟ್ ಪುಟ ತೆರೆಯಬೇಕು. ಸೆಟ್ಟಿಂಗ್ಸ್‌ನ ನಾಲ್ಕನೇ ಪುಟದಲ್ಲಿ ಅಡಗಿಸಿಡುವುದು ಸಲ್ಲದು.

ಪ್ರಶ್ನೆ: ನಮ್ಮ ಪಟ್ಟಿಯ ಕೆಲವು ಅಕ್ಷಾಂಶ–ರೇಖಾಂಶಗಳು ಗೂಗಲ್ ಮ್ಯಾಪ್ಸ್‌ನಿಂದ ಎತ್ತಿಕೊಂಡವು. ತೊಂದರೆಯೇ?
– ಓದುಗರು, ಮಲ್ಲೇಶ್ವರ

ಉತ್ತರ: ಹೌದು. ಇಲ್ಲಿ ಅಡ್ಡ ಬರುವುದು ಓಡಿಬಿಎಲ್ ಅಲ್ಲ, ಗೂಗಲ್‌ನ ಷರತ್ತುಗಳು. ಅವರ ಜಿಯೋಕೋಡಿಂಗ್‌ನಿಂದ (ವಿಳಾಸ ಕೊಟ್ಟರೆ ಸ್ಥಳದ ಅಂಕಿ ಕೊಡುವ ಸೇವೆ) ಬಂದ ಅಕ್ಷಾಂಶ–ರೇಖಾಂಶವನ್ನು 30 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಬೇರೆಯವರ ನಕ್ಷೆಯ ಮೇಲೆ ತೋರಿಸುವಂತಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ಗಂತೂ ಏರಿಸಲೇಬೇಡಿ, ಅಳಿಸಿಹಾಕುತ್ತಾರೆ.

ಆ ಸಾಲುಗಳನ್ನು ತೆಗೆದು, ಅಂಗಡಿ ಬಾಗಿಲಲ್ಲಿ ನಿಂತು ಫೋನಿನ ಜಿಪಿಎಸ್‌ನಲ್ಲಿ ಹೊಸದಾಗಿ ಗುರುತಿಸಿ. ಚಿಕ್ಕಪೇಟೆಯಂಥ ಇಕ್ಕಟ್ಟಿನಲ್ಲಿ ಜಿಪಿಎಸ್ ಪಕ್ಕದ ಗಲ್ಲಿ ತೋರಿಸುವುದುಂಟು. ಅರ್ಧ ನಿಮಿಷ ಕಾದು, ಅಡ್ಡರಸ್ತೆಯ ಹೆಸರನ್ನೂ ಬರೆದುಕೊಳ್ಳಿ. ಪ್ರತಿ ಸಾಲಿಗೂ ‘ಮೂಲ’, ‘ದಿನಾಂಕ’ ಎಂಬ ಕಾಲಂ ಇರಲಿ. ಅವಿಲ್ಲದಿದ್ದರೆ ಯಾವುದು ಗೂಗಲ್‌ನದು, ಯಾವುದು ನಿಮ್ಮದೆಂದು ಗೊತ್ತಾಗದೆ ಇಡೀ ಪಟ್ಟಿಗೆ ಮತ್ತೆ ಬೀದಿ ಸುತ್ತಬೇಕಾದೀತು.