ಬಿ1 ತಯಾರಿಗೆ ಡಿಕ್ಷನರಿ ಬಳಸುವ ಬಗೆ

ಮೇಡಂ, ನೀವು ಕೇಳಿದ್ದು ಎರಡು: ನರ್ಸಿಂಗ್ ಕೆಲಸಕ್ಕೆ ಜರ್ಮನಿಗೆ ಹೊರಟು ಬಿ1 (ಜರ್ಮನ್ ಭಾಷೆಯ ಮಧ್ಯಮ ಹಂತದ ಪರೀಕ್ಷೆ) ತಯಾರಿ ಮಾಡುವವರು ಯಾವ ಡಿಕ್ಷನರಿ ಕೊಳ್ಳಬೇಕು, ಓದುವಾಗ ಗೊತ್ತಿಲ್ಲದ ಪದವನ್ನೆಲ್ಲ ಹುಡುಕಬೇಕಾ.

ಸದ್ಯಕ್ಕೆ ಏನೂ ಕೊಳ್ಳಬೇಡಿ. ಲಿಯೋ, ಪೊನ್ಸ್ ಅನ್ನುವ ಜರ್ಮನ್-ಇಂಗ್ಲಿಷ್ ಡಿಕ್ಷನರಿಗಳು ಎರಡೂ ನೆಟ್‌ನಲ್ಲಿ ಪುಕ್ಕಟೆ ಇವೆ. ಜರ್ಮನ್‌ನಲ್ಲೇ ವಿವರಣೆ ಓದುವಷ್ಟಾದ ಮೇಲೆ ಡೂಡನ್ ಅನ್ನುವ ಜರ್ಮನ್-ಜರ್ಮನ್ ಡಿಕ್ಷನರಿ ನೋಡಿ, ಅದಕ್ಕೂ ದುಡ್ಡಿಲ್ಲ.

ಎಲ್ಲ ಪದ ಹುಡುಕಲು ಹೋದರೆ ಒಂದು ಪುಟವೂ ಮುಗಿಯುವುದಿಲ್ಲ. ಮೊದಲು ಪ್ಯಾರಾ ಪೂರ್ತಿ ಓದಿ. ಮತ್ತೆ ಮತ್ತೆ ಬಂದ ಪದ, ಇಲ್ಲವೇ ಅದು ಗೊತ್ತಾಗದೆ ವಾಕ್ಯವೇ ಮುಂದೆ ಹೋಗದಂಥ ಪದ, ಅಷ್ಟನ್ನೇ ಹುಡುಕಿ. ಗೊಯೆಥೆ ಇನ್‌ಸ್ಟಿಟ್ಯೂಟ್‌ನ (ಬೆಂಗಳೂರಿನವರ ಮ್ಯಾಕ್ಸ್ ಮುಲ್ಲರ್ ಭವನ) ಬಿ1 ಪದಪಟ್ಟಿಯಲ್ಲಿ ಸುಮಾರು 2,400 ಪದಗಳಿವೆ. ಅದರಲ್ಲಿದ್ದರೆ ನೋಟ್‌ಬುಕ್ಕಿಗೆ ಇಳಿಸಿ. ಇಲ್ಲದಿದ್ದರೆ, ಆಸ್ಪತ್ರೆಯ ಪದವೂ ಅಲ್ಲದಿದ್ದರೆ, ಬಿಟ್ಟು ಮುಂದೆ ಹೋಗಿ.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ್ದು. ಹೆಚ್ಚಿನವರು ಮೊದಲ ಅರ್ಥ ನೋಡಿ ಮುಚ್ಚಿಬಿಡುತ್ತಾರೆ. 'ಇಷ್ ನೇಮೆ ಈನೆನ್ ಬ್ಲೂಟ್ ಆಪ್' (ನಿಮ್ಮ ರಕ್ತ ತೆಗೆಯುತ್ತೇನೆ) ಅನ್ನುವ ವಾಕ್ಯ ತಗೊಳ್ಳಿ. 'ನೇಮೆನ್' ಹುಡುಕಿದರೆ 'ತೆಗೆದುಕೊ' ಅಂತಷ್ಟೇ ಸಿಗುತ್ತದೆ. ವಾಕ್ಯದ ತುದಿಯಲ್ಲಿರುವ 'ಆಪ್' ಅನ್ನು ಮುಂದಕ್ಕೆ ತಂದು 'ಆಪ್‌ನೇಮೆನ್' ಅಂತ ಹುಡುಕಬೇಕು. ಅಲ್ಲೂ ತೂಕ ಇಳಿಸುವುದು, ಫೋನ್ ಎತ್ತುವುದು ಎಲ್ಲ ಇರುತ್ತದೆ. ಕೆಳಗೆ ಹೋದರೆ ರಕ್ತ ತೆಗೆಯುವ ಅರ್ಥ ಸಿಗುತ್ತದೆ. ನಿಮಗೆ ದಿನಾ ಬೇಕಾಗುವುದು ಅದೇ.

ನಾಮಪದವಾದರೆ ಅದರ ಲಿಂಗ ತೋರಿಸುವ ಡೇರ್, ಡೀ, ಡಾಸ್‌ಗಳಲ್ಲಿ ಯಾವುದು, ಬಹುವಚನ ಏನು ಅನ್ನುವುದನ್ನೂ ಜೊತೆಗೇ ಬರೆಯಿರಿ. ಆಮೇಲೆ ಸೇರಿಸೋಣ ಅಂದರೆ ಆಗುವ ಮಾತಲ್ಲ. 'ಕ್ರಾಂಕೆನ್‌ಫರ್ಜಿಷರುಂಗ್ಸ್‌ಕಾರ್ಟೆ' (ಆರೋಗ್ಯ ವಿಮೆಯ ಕಾರ್ಡ್) ಥರದ ರೈಲುಬಂಡಿ ಪದ ಸಣ್ಣ ಡಿಕ್ಷನರಿಯಲ್ಲಿ ಇರದಿದ್ದರೆ ಹಿಂದಿನಿಂದ ಬಿಡಿಸಿ. ಕೊನೆಯ 'ಕಾರ್ಟೆ' ಡೀ ಆದ್ದರಿಂದ ಇಡೀ ಪದವೂ ಡೀ.

ಕ್ರಿಯಾಪದದ ಪಕ್ಕ 'ಯಾರಿಗೆ', 'ಯಾರನ್ನು' ಅನ್ನುವುದನ್ನು ಮೊಟಕು ಮಾಡಿ ಅಚ್ಚು ಹಾಕಿರುತ್ತಾರೆ. ಆ ಮೊಟಕು ರೂಪದ ಕೊನೆಯಲ್ಲಿ 'ಎಂ' ಇದ್ದರೆ (jdm) ಯಾರಿಗೆ, 'ಎನ್' ಇದ್ದರೆ (jdn) ಯಾರನ್ನು. ಇಂಗ್ಲಿಷ್ ಅರ್ಥ ಬರೆದುಕೊಂಡವರಿಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ನಮ್ಮಲ್ಲಿ ವಿಭಕ್ತಿ ಇದೆಯಲ್ಲ, ಕನ್ನಡದಲ್ಲೇ ಬರೆಯಿರಿ: ಹೆಲ್ಫೆನ್ – ರೋಗಿಗೆ ಸಹಾಯ ಮಾಡು, ಫ್ರಾಗೆನ್ – ಡಾಕ್ಟರನ್ನು ಕೇಳು. 'ಗೆಫಾಲೆನ್' (ಹಿಡಿಸು) ಅಂತೂ ನಮ್ಮ 'ನನಗೆ ಹಿಡಿಸಿತು' ಥರವೇ ನಡೆಯುತ್ತದೆ. ಆದರೆ ಎಲ್ಲ ಕಡೆ ನಂಬಬೇಡಿ. ನಾವು ಡಾಕ್ಟರಿಗೆ ಫೋನ್ ಮಾಡುತ್ತೇವೆ, ಫೋನ್ ಮಾಡು ಅನ್ನುವ 'ಆನ್‌ರೂಫೆನ್'ನಲ್ಲಿ ಜರ್ಮನ್ನರು ಡಾಕ್ಟರನ್ನು ಕರೆಯುತ್ತಾರೆ. ಹೀಗೆ ತಾಳೆಯಾಗದವನ್ನು ಕೆಂಪು ಪೆನ್ನಿನಲ್ಲಿ ಬರೆದಿಡಿ, ಪರೀಕ್ಷೆಯ ಪತ್ರ ಬರೆಯುವಾಗ ಎಡವುವುದು ಅಲ್ಲೇ.

ಅಂದ ಹಾಗೆ ಪರೀಕ್ಷಾ ಕೊಠಡಿಗೆ ಡಿಕ್ಷನರಿ ಬಿಡುವುದಿಲ್ಲ. ಕೊನೆಯ ತಿಂಗಳು, ಹುಡುಕುವ ಮೊದಲು ನಿಮ್ಮ ಅಂದಾಜು ಪೆನ್ಸಿಲ್‌ನಲ್ಲಿ ಬರೆದು ಆಮೇಲೆ ತೆರೆಯಿರಿ. ಈಗ ಓದುತ್ತಿರುವ ಪಾಠದ ಒಂದು ಪ್ಯಾರಾ ಇಲ್ಲಿ ಹಾಕಿದರೆ ಯಾವ ಪದ ಹುಡುಕಬೇಕು, ಯಾವುದು ಬಿಡಬಹುದು ಅಂತ ಗುರುತು ಮಾಡಿ ಕೊಡ್ತೀನಿ.