ಅಮ್ಮ ಮೆಟ್ಟಿಲು ಹತ್ತುತ್ತಾರೆ, ಇಳಿಯೋಕೆ ಹೆದರುತ್ತಾರೆ. ಯಾಕೆ?

70 ದಾಟಿದ ನಿಮ್ಮ ತಾಯಿ ಮೆಟ್ಟಿಲು ಹೇಗೋ ಹತ್ತುತ್ತಾರೆ, ಇಳಿಯುವಾಗ ಮಾತ್ರ ಗೋಡೆ ಹಿಡಿದು ನಿಂತುಬಿಡುತ್ತಾರೆ, ಇದು ಬರೀ ಹೆದರಿಕೆಯಾ ಅಂತ ಕೇಳಿದ್ದೀರಿ. ಅಲ್ಲ. ನಮ್ಮಮ್ಮನ ಜೊತೆ ಮೂರು ವರ್ಷದಿಂದ ಇದನ್ನೇ ನೋಡುತ್ತಿದ್ದೇನೆ. ನಮ್ಮದು ಮೊದಲ ಮಹಡಿ, 18 ಮೆಟ್ಟಿಲು.

ಹತ್ತುವಾಗ ಸುಸ್ತಾದರೆ ನಿಂತು ಉಸಿರು ತಗೊಳ್ಳಬಹುದು. ಇಳಿಯುವಾಗ ಹಾಗಲ್ಲ. ಒಂದು ಕಾಲು ಕೆಳಗಿನ ಮೆಟ್ಟಿಲು ಮುಟ್ಟುವವರೆಗೆ ಇಡೀ ಮೈಭಾರವನ್ನು ಇನ್ನೊಂದು ಕಾಲೇ ಮಂಡಿ ಮಡಿಸುತ್ತಾ ಮೆಲ್ಲಗೆ ಇಳಿಸಬೇಕು. ಸೊಂಟದ ಮೇಲಿನ ತುಂಬಿದ ಕೊಡವನ್ನು ತುಳುಕದ ಹಾಗೆ ನೆಲಕ್ಕಿಡುತ್ತೇವಲ್ವಾ, ಹಾಗೆ. ಆ ಕೆಲಸ ತೊಡೆಯ ಮುಂಭಾಗದ ಸ್ನಾಯುವಿನದು. ವಯಸ್ಸಾದಂತೆ ಅದು ಸೊರಗುತ್ತದೆ. ಇಳಿಯುವಾಗ ಮಂಡಿಯ ಮೇಲೆ ಬೀಳುವ ಭಾರವೋ ಮೈತೂಕದ ಮೂರು ಪಟ್ಟಿಗಿಂತ ಜಾಸ್ತಿ. ಸವೆದ ಮಂಡಿ ಅದನ್ನು ಹೇಗೆ ತಡೆದೀತು?

ನಾವು ಮಂಡಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದೆವು. ಕಣ್ಣಿನ ಯೋಚನೆ ಬರಲೇ ಇಲ್ಲ. ಒಂದು ಸಂಜೆ ಅಮ್ಮ ಮೇಲಿನ ಮೆಟ್ಟಿಲಲ್ಲಿ ನಿಂತು, ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ, ಚಪ್ಪಲಿಯ ತುದಿಯಿಂದ ಅಂಚು ತಡಕುತ್ತಿದ್ದರು. ಅವರದು ಬೈಫೋಕಲ್ ಕನ್ನಡಕ. ಕೆಳಭಾಗ ಓದುವುದಕ್ಕೆ. ಕೈಯಲ್ಲಿರುವ ಪೇಪರ್ ಚೆನ್ನಾಗಿ ಕಾಣುತ್ತದೆ, ಕಾಲ ಬುಡದ ಮೆಟ್ಟಿಲು ಮಸುಕು! ಅದೂ ನಮ್ಮದು ಬೂದು ಗ್ರಾನೈಟ್. ಒಂದು ಮೆಟ್ಟಿಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಮಬ್ಬು ಬೆಳಕಲ್ಲಿ ನನಗೇ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರಂತೂ ಕಾಲಿಗೂ ತಿಳಿಯುವುದಿಲ್ಲ.

ಪ್ರತಿ ಮೆಟ್ಟಿಲಿನ ಅಂಚಿಗೂ ಹಳದಿ ಟೇಪ್ ಅಂಟಿಸಿದೆವು. ಗೋಡೆಯ ಕಡೆಗೂ ಒಂದು ಕಂಬಿ ಹಾಕಿಸಿದೆವು, ಮೇಲೂ ಕೆಳಗೂ ಲೈಟಿನ ಸ್ವಿಚ್. ಕಣ್ಣಿನ ಡಾಕ್ಟರನ್ನು ಕೇಳಿ, ಹೊರಗೆ ಹೋಗೋಕೆ ಅಂತಲೇ ಬರೀ ದೂರದ ಕನ್ನಡಕ ಮಾಡಿಸಿದೆವು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದು ಇಷ್ಟು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಜೊತೆಗೆ ದಿನಾ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ತೊಡೆಗೆ ಬಲ ಬರಲಿ ಅಂತ. ಎದ್ದು ನಿಂತಾಗ ತಲೆ ಸುತ್ತುತ್ತಿದ್ದರೆ, ನಾಲ್ಕು ಮೆಟ್ಟಿಲಿಗೇ ಎದೆ ಹಿಡಿದರೆ ಅಥವಾ ಒಂದು ಕಾಲು ಇದ್ದಕ್ಕಿದ್ದಂತೆ ಸೋತರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಅಮ್ಮ ಈಗಲೂ ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟೇ ಇಳಿಯುತ್ತಾರೆ. ನಿಮ್ಮ ತಾಯಿಯೂ ಹಾಗೇ ಇಳಿಯಲಿ ಬಿಡಿ. ಹಿಂದೆ ನಿಂತು ಬೇಗ ಬೇಗ ಅನ್ನಬೇಡಿ. ನೀವು ಅವರಿಗಿಂತ ಒಂದು ಮೆಟ್ಟಿಲು ಕೆಳಗೇ ಇರಿ.