ಮಾರ್ಮನ್ ಹೆಂಗಸರು ಪ್ರಶ್ನೆ ಕೇಳುತ್ತಲೇ ಚರ್ಚಿನಲ್ಲಿ ಉಳಿಯುವುದು ಯಾಕೆ?

ನಿಮ್ಮ ಪ್ರಶ್ನೆ ಇದು: ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಚರ್ಚಿನಲ್ಲಿ ಹೆಣ್ಣಿಗೆ ಗಂಡಿನ ಸಮ ಅಧಿಕಾರ ಇಲ್ಲ ಅಂತ ಅಲ್ಲಿನ ಹೆಂಗಸರೇ ಹೇಳುತ್ತಾರೆ. ಅಷ್ಟು ಬೇಸರ ಇದ್ದರೆ ಬಿಟ್ಟು ಬರಬಹುದಲ್ವಾ?

ನಾನು ಮಾರ್ಮನ್ ಅಲ್ಲ. ಅಮೆರಿಕದ ಯೂಟಾ ರಾಜ್ಯದಲ್ಲಿ ಸಂಸಾರ ಮಾಡಿಕೊಂಡಿರುವ ಕನ್ನಡದವಳು. ನಮ್ಮ ಬೀದಿಯಲ್ಲಿ ಹೆಚ್ಚಿನವರು ಆ ಚರ್ಚಿನವರೇ. ಮಗುವಿಗೆ ಹೆಸರಿಡುವುದಿರಲಿ, ಯಾರದಾದರೂ ಅಂತ್ಯಕ್ರಿಯೆ ಇರಲಿ, ಕರೆದರೆ ಹೋಗುತ್ತೇನೆ. ಅಲ್ಲಿ ಕಂಡದ್ದು, ಗೆಳತಿಯರಿಂದ ಕೇಳಿದ್ದು, ಓದಿ ತಿಳಿದದ್ದು ಸೇರಿಸಿ ಬರೆಯುತ್ತಿದ್ದೇನೆ.

ಇವರ ವಾರ್ಡುಗಳಲ್ಲಿ, ಅಂದರೆ ಊರಿನ ಸ್ಥಳೀಯ ಸಭೆಗಳಲ್ಲಿ, ಸಂಬಳದ ಪಾದ್ರಿ ಇಲ್ಲ. ವಾರವಿಡೀ ಆಫೀಸಿಗೆ ಹೋಗುವ ನೆರೆಮನೆಯವನೇ ಭಾನುವಾರ ಬಿಷಪ್, ಅಂದರೆ ವಾರ್ಡಿನ ಮುಖ್ಯಸ್ಥ. ದೇವರ ಹೆಸರಿನಲ್ಲಿ ವಿಧಿ ನಡೆಸುವ ಅಧಿಕಾರಕ್ಕೆ ಪ್ರೀಸ್ಟ್‌ಹುಡ್ ಎನ್ನುತ್ತಾರೆ. ಹುಡುಗರಿಗೆ ಅದು 12 ತುಂಬುವ ವರ್ಷದಲ್ಲೇ ಸಿಗುತ್ತದೆ. ಹೆಣ್ಣಿಗೆ ಯಾವ ವಯಸ್ಸಿನಲ್ಲೂ ಇಲ್ಲ. ಭಾನುವಾರದ ಸಭೆಯಲ್ಲಿ ಬಿಳಿ ಶರ್ಟು, ಟೈ ಹಾಕಿದ ಹುಡುಗರು ಯೇಸುವಿನ ನೆನಪಿಗೆ ಎಲ್ಲರೂ ತಿನ್ನುವ ಬ್ರೆಡ್ಡಿನ ತುಣುಕು ಇರುವ ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುತ್ತಾರೆ. ಆಮೇಲೆ ಪುಟ್ಟ ಪುಟ್ಟ ಲೋಟದಲ್ಲಿ ನೀರು. ಬೆಂಚಿನ ತುದಿಯಲ್ಲಿ ಕೂತ 15ರ ಅಕ್ಕ ತಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡು ಅಮ್ಮನಿಗೆ ದಾಟಿಸುತ್ತಾಳೆ. ಅಮ್ಮ ಅಜ್ಜಿಗೆ ದಾಟಿಸುತ್ತಾಳೆ. ಅಂದರೆ ಆ ತಟ್ಟೆ ಹೆಂಗಸರ ಕೈಗೆ ಬಂದೇ ಬರುತ್ತದೆ. ಆದರೆ ಅದೇ ಹುಡುಗಿ ಎದ್ದು ನಿಂತು ಅದನ್ನು ಹಂಚುವ ಹಾಗಿಲ್ಲ! ಇದನ್ನು ನೋಡಿದ ಮೇಲೆ ನನಗೆ ನಿಯಮಪುಸ್ತಕ ಓದುವ ಅಗತ್ಯವೇ ಬರಲಿಲ್ಲ.

ಹೆಸರಿಟ್ಟು ಹರಸುವ ದಿನವೂ ಹಾಗೆಯೇ. ಅಪ್ಪ, ತಾತ, ಚಿಕ್ಕಪ್ಪ, ಬಿಷಪ್ ಎಲ್ಲ ಸುತ್ತ ನಿಂತು ನಡುವೆ ಮಗುವನ್ನು ಹಿಡಿಯುತ್ತಾರೆ. ಹೆತ್ತವಳು ಬೆಂಚಿನಲ್ಲಿ ಕೂತು ನೋಡುತ್ತಾಳೆ. ನನ್ನ ಗೆಳತಿಯೊಬ್ಬಳಿಗೆ ಬೇರೆಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಇದೇ.

1995ರಲ್ಲಿ ಚರ್ಚ್ ಕುಟುಂಬದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಮನೆಯ ಮುಂದಾಳತ್ವ ವಹಿಸಿ ದುಡಿದು ಸಾಕುವುದು ಅಪ್ಪನ ಕೆಲಸ, ಮಕ್ಕಳನ್ನು ಬೆಳೆಸುವುದು ಮುಖ್ಯವಾಗಿ ಅಮ್ಮನ ಹೊಣೆ ಎಂದು ಅದು ಹೇಳುತ್ತದೆ. ಇಬ್ಬರೂ ಸಮಾನ ಜೊತೆಗಾರರು ಎಂದೂ ಹೇಳುತ್ತದೆ. ಒಬ್ಬ ಮುಂದಾಳು, ಆದರೂ ಇಬ್ಬರೂ ಸಮ ಅಂದರೆ ಹೇಗೆ ಅಂತ ಕೇಳುವವರು ಆ ಚರ್ಚಿನೊಳಗೇ ಬೇಕಾದಷ್ಟು ಜನ ಇದ್ದಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲನೆಯದಾಗಿ, ಆ ಚರ್ಚನ್ನು ಕಟ್ಟಿದವರಲ್ಲಿ ಅವರ ಅಜ್ಜಿ ಮುತ್ತಜ್ಜಿಯರೂ ಇದ್ದರು. ರಿಲೀಫ್ ಸೊಸೈಟಿ ಎಂಬ ಹೆಂಗಸರ ಸಂಘ ಶುರುವಾದದ್ದು 1842ರಲ್ಲಿ, ಇಲಿನಾಯ್ ರಾಜ್ಯದ ನಾವೂ ಎಂಬ ಊರಿನಲ್ಲಿ. ಸಂಸ್ಥಾಪಕ ಜೋಸೆಫ್ ಸ್ಮಿತ್‌ನ ಹೆಂಡತಿ ಎಮ್ಮಾ ಅದರ ಮೊದಲ ಅಧ್ಯಕ್ಷೆ. ಆ ಸಂಘಕ್ಕೆ ತನ್ನದೇ ದುಡ್ಡಿತ್ತು, ತನ್ನದೇ ಪತ್ರಿಕೆ ಇತ್ತು. ಸುಮಾರು 1970ರ ಹೊತ್ತಿಗೆ ಎರಡೂ ಕೈತಪ್ಪಿದವು. 1870ರಲ್ಲೇ ಯೂಟಾದ ಹೆಂಗಸರು ವೋಟು ಹಾಕಿದ್ದರು. 1896ರಲ್ಲಿ ಮಾರ್ಥಾ ಹ್ಯೂಸ್ ಕ್ಯಾನನ್ ಎಂಬ ಡಾಕ್ಟರ್, ಬಹುಪತ್ನಿತ್ವದ ಸಂಸಾರದಲ್ಲಿ ನಾಲ್ಕನೆಯ ಹೆಂಡತಿ, ಗಂಡನೂ ಎದುರು ಪಕ್ಷದಿಂದ ಕಣದಲ್ಲಿದ್ದಾಗಲೇ ಗೆದ್ದಳು. ಅಮೆರಿಕದಲ್ಲೇ ಮೊದಲ ಮಹಿಳಾ ರಾಜ್ಯ ಸೆನೆಟರ್ ಆದಳು. ಇನ್ನೂ ದೊಡ್ಡ ಮಾತೆಂದರೆ, 19ನೇ ಶತಮಾನದಲ್ಲಿ ಮಾರ್ಮನ್ ಹೆಂಗಸರು ಕಾಯಿಲೆಯವರ ತಲೆ ಮೇಲೆ ಕೈಯಿಟ್ಟು ಹರಸುತ್ತಿದ್ದರು. ಮುತ್ತಜ್ಜಿ ಮಾಡುತ್ತಿದ್ದದ್ದನ್ನು ಮರಿಮಗಳು ಇವತ್ತು ಮಾಡುವಂತಿಲ್ಲ. ಹೀಗಿರುವಾಗ ಅವರ ಬೇಡಿಕೆ ಹೊರಗಿನಿಂದ ತಂದದ್ದು ಅಂತ ಹೇಗೆ ಹೇಳುವುದು?

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ದೇವರು ಇವತ್ತಿಗೂ ಪ್ರವಾದಿಯ ಮೂಲಕ ಮಾತಾಡುತ್ತಾನೆ ಎನ್ನುವುದು ಇವರ ನಂಬಿಕೆಯ ಬುನಾದಿ. ಚರ್ಚಿನ ಅಧ್ಯಕ್ಷನೇ ಆ ಪ್ರವಾದಿ. 1978ರವರೆಗೆ ಕಪ್ಪು ಗಂಡಸರಿಗೆ ಪ್ರೀಸ್ಟ್‌ಹುಡ್ ಇರಲಿಲ್ಲ. ಕಪ್ಪು ಹೆಂಗಸರಿಗೂ, ಭಾನುವಾರದ ಚರ್ಚಿಗಿಂತ ಬೇರೆಯಾದ ಪವಿತ್ರ ಕಟ್ಟಡವಾದ ಟೆಂಪಲ್‌ನ ಮುಖ್ಯ ವಿಧಿಗಳು ಸಿಗುತ್ತಿರಲಿಲ್ಲ. ಆ ವರ್ಷ ಜೂನ್‌ನಲ್ಲಿ ದೇವರ ಅಪ್ಪಣೆ ಆಯಿತೆಂದು ಸಾರಿದರು, ನಿಯಮ ಹೋಯಿತು. ಅಂದಮೇಲೆ ಹೆಣ್ಣಿನ ವಿಷಯದಲ್ಲೂ ಪ್ರವಾದಿ ದೇವರನ್ನು ಕೇಳಲಿ ಎನ್ನುವುದು ಅವಿಶ್ವಾಸ ಅಲ್ಲ. ನಂಬಿದ್ದಕ್ಕೇ ಕೇಳುತ್ತಿದ್ದಾರೆ. ಅದೇ ಜೋಸೆಫ್ ಸ್ಮಿತ್‌ನನ್ನು ಒಪ್ಪುವ ಇನ್ನೊಂದು ಶಾಖೆ ಮಿಸೌರಿಯಲ್ಲಿದೆ, ಕಮ್ಯುನಿಟಿ ಆಫ್ ಕ್ರೈಸ್ಟ್ ಅಂತ. ಅಲ್ಲಿ 1984ರಲ್ಲೇ ಹೆಂಗಸರಿಗೂ ಪ್ರೀಸ್ಟ್‌ಹುಡ್ ಕೊಡಬೇಕೆಂದು ತೀರ್ಮಾನ ಆಯಿತು. 2025ರಲ್ಲಿ ಅದರ ಅಧ್ಯಕ್ಷ ಸ್ಥಾನಕ್ಕೆ ಮೊದಲ ಬಾರಿ ಮಹಿಳೆಯೇ ಬಂದರು. ಬೇರು ಒಂದೇ ಆದರೂ ಉತ್ತರ ಬೇರೆಯಾಯಿತು. ಆದ್ದರಿಂದ "ನಮ್ಮ ಧರ್ಮದಲ್ಲಿ ಇದು ಆಗುವುದೇ ಇಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಮೂರನೆಯದು, ಬಿಡುವುದರ ಬೆಲೆ. ಟೆಂಪಲ್‌ನಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಸತ್ತ ಮೇಲೂ ಬಿಡದ ಹಾಗೆ ಬೆಸೆಯುತ್ತಾರೆ. ಚರ್ಚ್ ಬಿಟ್ಟರೆ ಆ ಬೆಸುಗೆ ಏನಾಗುತ್ತದೆ ಎಂಬ ಭಯ ನಂಬಿದವಳಿಗೆ ಸಣ್ಣದಲ್ಲ. ಸುಮ್ನೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವ ವಿಷಯ ಅಲ್ಲ ಇದು. ಜೋರಾಗಿ ಕೇಳಿದವರನ್ನು ಚರ್ಚೇ ಹೊರಹಾಕಿದ್ದೂ ಇದೆ. ಅಮೆರಿಕದ ಸಂವಿಧಾನಕ್ಕೆ ಹೆಂಗಸರ ಸಮಾನ ಹಕ್ಕಿನ ತಿದ್ದುಪಡಿ ಆಗಲಿ ಎಂದು ಹೋರಾಡಿದ ಸೋನಿಯಾ ಜಾನ್ಸನ್ 1979ರಲ್ಲಿ ಬಹಿಷ್ಕಾರ ಉಂಡರು. ಹೆಂಗಸರಿಗೂ ಪ್ರೀಸ್ಟ್‌ಹುಡ್ ಕೊಡಿ ಎಂದು ಸಂಘಟನೆ ಕಟ್ಟಿದ ಕೇಟ್ ಕೆಲ್ಲಿಗೆ 2014ರಲ್ಲಿ ಅದೇ ಗತಿ. ಕೇಳಿದ್ದಕ್ಕೆ ಇಂಥ ಶಿಕ್ಷೆ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಬದಲಾವಣೆ ಆಗಿಲ್ಲ ಅಂತಲ್ಲ. ಚರ್ಚಿನ ಮಹಾಸಭೆಯಲ್ಲಿ ಹೆಂಗಸೊಬ್ಬಳು ಪ್ರಾರ್ಥನೆ ಹೇಳಿದ್ದು 2013ರಲ್ಲಿ, ಅದೇ ಮೊದಲು. 2019ರಲ್ಲಿ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಲ್ಲುವ ಅವಕಾಶ ಸಿಕ್ಕಿತು. ಇವೆಲ್ಲ ಸಣ್ಣವು ಅನ್ನಿಸಬಹುದು. ಮಗಳ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತ ತಾಯಿಗೆ ಸಣ್ಣದಲ್ಲ. 2024ರ ಮಾರ್ಚ್‌ನಲ್ಲಿ, ಹೆಣ್ಣಿಗೆ ಇಷ್ಟು ವಿಶಾಲವಾಗಿ ಅಧಿಕಾರ ಕೊಟ್ಟ ಧಾರ್ಮಿಕ ಸಂಸ್ಥೆ ಇನ್ನೊಂದಿಲ್ಲ ಎಂಬರ್ಥದ ನಾಯಕಿಯೊಬ್ಬರ ಮಾತನ್ನು ಚರ್ಚ್ ಇನ್‌ಸ್ಟಾಗ್ರಾಂನಲ್ಲಿ ಹಾಕಿತು. ಸಾವಿರಾರು ಪ್ರತಿಕ್ರಿಯೆ ಬಂದವು. ತಮ್ಮ ಅನುಭವ ಹಾಗಿಲ್ಲ ಎಂದು ಬರೆದವರಲ್ಲಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರೂ ಇದ್ದರು.

ಸಲಿಂಗಿಗಳು, ಟ್ರಾನ್ಸ್ ಜನರ ಕತೆ ಇದಕ್ಕಿಂತ ಕಠಿಣ. ಸಲಿಂಗ ದಂಪತಿಯ ಮಕ್ಕಳಿಗೆ ದೀಕ್ಷಾಸ್ನಾನ ತಡೆಯುವ ನಿಯಮ 2015ರಲ್ಲಿ ಬಂತು, 2019ರಲ್ಲಿ ಹೋಯಿತು. ಮಕ್ಕಳನ್ನು ಅದರಲ್ಲಿ ಎಳೆದದ್ದನ್ನು ಎಷ್ಟೋ ಮನೆಯವರು ಇವತ್ತಿಗೂ ಮರೆತಿಲ್ಲ. 2024ರಲ್ಲಿ ಟ್ರಾನ್ಸ್ ಸದಸ್ಯರ ಮೇಲೆ ನಿರ್ಬಂಧಗಳು ಇನ್ನೂ ಬಿಗಿಯಾದವು. ಹುಟ್ಟಿದ ಲಿಂಗ ಬಿಟ್ಟು ಬೇರೆ ಲಿಂಗದವರಾಗಿ ಬದುಕುವ ಸದಸ್ಯರು ಮಕ್ಕಳಿಗೆ ಪಾಠ ಹೇಳುವ ಹಾಗೂ ಇಲ್ಲ. ಇಂಥ ಮನೆಗಳಲ್ಲಿ ಬಿಟ್ಟು ಹೋದವರೂ ಇದ್ದಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಮಗುವನ್ನು ಉಳಿಸಿಕೊಳ್ಳಲು ಹೊರಟವರು ಅವರು.

ನಾನು ನೋಡಿದ್ದು ಯೂಟಾ ಮಾತ್ರ. ಬೆಂಗಳೂರಿನಲ್ಲೂ ಈ ಚರ್ಚಿನವರಿದ್ದಾರೆ. ಅಲ್ಲಿಗೆ ಒಂದು ಟೆಂಪಲ್ ಕಟ್ಟುವುದಾಗಿ 2018ರಲ್ಲಿ ಘೋಷಿಸಿದರು. ಅಲ್ಲಿನ ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಉತ್ತರವನ್ನೂ ಕೆಳಗೆ ಬರೆಯಿರಿ. ಈ ಪ್ರಶ್ನೆಗೆ ನನಗಿಂತ ನಿಮ್ಮ ಮಾತೇ ಸರಿಯಾದದ್ದು.